ಅಪ್ಪನ ಬಲಗಾಲು

ಬಬ್ರುವಾಹನ ಅಂದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ‘ಯಾರು ತಿಳಿಯರು ನಿನ್ನ’ ಹಾಡು. ಆಚೆ ಅಪ್ಪ ಅರ್ಜುನ, ಈಚೆ ಮಗ ಬಬ್ರುವಾಹನ, ಇಬ್ಬರೂ ರಾಜಕುಮಾರ್. ನನಗೂ ಅದು ಬಾಯಿಪಾಠ. ಆದರೆ ನನ್ನ ಕಣ್ಣಿಗೆ ಮೊದಲು ಬರುವುದು ನಮ್ಮಪ್ಪನ ಬಲಗಾಲು. ಹಿಮ್ಮಡಿ ಒಡೆದ, ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು ಉಳಿದ, ಗೆಜ್ಜೆ ಕಟ್ಟಿದ ಕಾಲು.

ನಮ್ಮೂರು ಸಿರುಗುಪ್ಪ ತಾಲ್ಲೂಕಿನದು. ಕಾಲುವೆ ನೀರು, ಭತ್ತ, ಬಿಡುವಾದಾಗ ಬಯಲಾಟ. ಎರಡನೇ ಬೆಳೆ ಮನೆ ಸೇರಿದ ಮೇಲೆ ಹನುಮಪ್ಪನ ಗುಡಿ ಮುಂದೆ ತಾಲೀಮು ಶುರುವಾಗುತ್ತಿತ್ತು. ಅಪ್ಪ ಯಾವಾಗಲೂ ಅರ್ಜುನನ ಪಾತ್ರಧಾರಿ. ಎತ್ತರದ ಆಳು, ದೊಡ್ಡ ದನಿ. 1994ರಲ್ಲಿ ಬಬ್ರುವಾಹನ ಮಾಡಬೇಕಾದ ಹುಡುಗ ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿಬಿಟ್ಟ. ಪಾತ್ರ ನನ್ನ ಪಾಲಿಗೆ ಬಂತು. ನನಗಾಗ ಹತ್ತೊಂಬತ್ತು.

ಪಾತ್ರ ಸಿಕ್ಕ ದಿನ ನನ್ನ ತಲೆಯಲ್ಲಿ ಇದ್ದದ್ದು ಸಿನಿಮಾ ಒಂದೇ. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ ಬಂದದ್ದು 1977ರಲ್ಲಿ. ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಟೆಂಟ್ ಟಾಕೀಸಿನಲ್ಲಿ, ಅಪ್ಪನ ಪಕ್ಕ ನೆಲದ ಮೇಲೆ ಕೂತು. ಆ ಸಿನಿಮಾದಲ್ಲಿ ಎಷ್ಟೋ ಹೊತ್ತು ಕಥೆ ಅರ್ಜುನನದೇ. ಅವನ ಹೆಂಡತಿಯರು ಮೂವರು: ಉಲೂಪಿಯಾಗಿ ಕಾಂಚನಾ, ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ, ಸುಭದ್ರೆಯಾಗಿ ಜಯಮಾಲಾ. ಮಗ ಬರುವುದು ತಡವಾಗಿ. ಆದರೆ ಬಂದ ಮೇಲೆ ಎಲ್ಲ ಅವನದೇ. ಆ ಹಾಡಿನಲ್ಲಿ ಅರ್ಜುನನಿಗೆ ದನಿ ಪಿ.ಬಿ. ಶ್ರೀನಿವಾಸ್ ಅವರದು, ಮಗನಿಗೆ ರಾಜಕುಮಾರ್ ಅವರದೇ ದನಿ. ನಟ ಒಬ್ಬರೇ, ದನಿ ಎರಡು. ಚಿಕ್ಕವನಾದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಪ್ಪನ ಎದುರು ನಿಂತು ಒಬ್ಬ ಮಗ ಹೀಗೆ ಮಾತಾಡಬಹುದಾ ಅಂತ ಉಸಿರು ಬಿಗಿಹಿಡಿದು ನೋಡಿದ್ದೆ. ಓರೆಗಣ್ಣಿನಲ್ಲಿ ಅಪ್ಪನ ಮುಖವನ್ನೂ ನೋಡಿದ್ದೆ. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

ಆ ಹಾಡೇ ನನ್ನ ಪಾತ್ರ ಅಂದುಕೊಂಡು ತಾಲೀಮಿಗೆ ಹೋದೆ. ನಮ್ಮ ಮಾಸ್ತರು ಮೊದಲ ದಿನ ಹಾಡೂ ಕೊಡಲಿಲ್ಲ, ಕುಣಿತವನ್ನೂ ಹೇಳಿಕೊಡಲಿಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಜೈಮಿನಿ ಭಾರತ ಬಿಚ್ಚಿ ಓದಿದರು. ಜೋಳದರಾಶಿ ದೊಡ್ಡನಗೌಡರ ಗಮಕ ಕೇಳಿ ಬೆಳೆದವರು ಅವರು. ಲಕ್ಷ್ಮೀಶ ಬರೆದದ್ದು ವಾರ್ಧಕ ಷಟ್ಪದಿಯಲ್ಲಿ. ಐದೈದು ಮಾತ್ರೆ, ಐದೈದು ಮಾತ್ರೆ, ಮೂರನೇ ಸಾಲಿಗೆ ಬಂದಾಗ ಉದ್ದಕ್ಕೆ ಎಳೆದು ಒಂದು ಕಡೆ ಇಳಿದು ನಿಲ್ಲುತ್ತದೆ. ‘ಇದು ಕುದುರೆ ನಡಿಗಿ ನೋಡಪಾ, ಯಜ್ಞದ ಕುದುರಿ ಹಿಂದ ಹೋಗೋ ಕಥಿ ಅಲ್ವಾ’ ಅಂದರು. ಅದು ಅವರದೇ ಮಾತು, ನನಗೆ ಇವತ್ತಿಗೂ ಹಾಗೆಯೇ ಕೇಳಿಸುತ್ತದೆ.

ಆ ಕಾವ್ಯದಲ್ಲಿ ಬಬ್ರುವಾಹನ ಮೊದಲು ಮಾಡುವ ಕೆಲಸ ಯುದ್ಧ ಅಲ್ಲ. ತನ್ನ ಮಣಿಪುರಕ್ಕೆ ಬಂದ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುತ್ತಾನೆ ಸರಿ. ಹಣೆಯ ಪಟ್ಟಿ ಓದಿದರೆ ಅದು ಪಾಂಡವರ ಕುದುರೆ, ಕಾವಲಿಗೆ ಬಂದವನು ತನ್ನಪ್ಪ. ಹೋಗಿ ತಾಯಿಗೆ ಹೇಳುತ್ತಾನೆ. ಒಪ್ಪಿಸಿ ಬಾ, ಕಾಲಿಗೆ ಬೀಳು ಅನ್ನುತ್ತಾಳೆ ಚಿತ್ರಾಂಗದೆ. ಹುಟ್ಟಿದಾಗಿನಿಂದ ಅಪ್ಪನ ಮುಖ ನೋಡದ ಹುಡುಗ ಕಾಣಿಕೆ ಹೊರಿಸಿಕೊಂಡು, ಊರಿನ ಜನರನ್ನು ಕರೆದುಕೊಂಡು, ಕುದುರೆ ಹಿಡಿದು ಅಪ್ಪನ ಹತ್ತಿರ ನಡೆದು ಹೋಗುತ್ತಾನೆ. ಕಾಲಿಗೆ ಬೀಳುತ್ತಾನೆ. ಅರ್ಜುನ ಆ ತಲೆಯನ್ನು ಒದೆಯುತ್ತಾನೆ. ನೀನು ನನ್ನ ಮಗನೇ ಅಲ್ಲ ಅಂತ ಅವನ ತಾಯಿಯ ಮೇಲೆ ಕೆಟ್ಟ ಮಾತು ಆಡುತ್ತಾನೆ.

ವ್ಯಾಸರ ಅಶ್ವಮೇಧ ಪರ್ವದಲ್ಲಿ ಈ ಒದೆ ಇಲ್ಲ. ಕ್ಷತ್ರಿಯನಾಗಿ ಹುಟ್ಟಿ ಯುದ್ಧ ಮಾಡದೆ ಕಾಣಿಕೆ ಹಿಡಿದು ಬಂದೆಯಲ್ಲ ಅಂತ ಅಲ್ಲಿ ಅರ್ಜುನ ಬೈಯುತ್ತಾನೆ, ಅಷ್ಟೇ. ಉಲೂಪಿ ಬಂದು ಹುಡುಗನನ್ನು ಹುರಿದುಂಬಿಸುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಬೀಳಿಸಿದ ಪಾಪ ಮಗನ ಬಾಣದಿಂದ ಕಳೆಯಬೇಕು, ಅದಕ್ಕೇ ಆ ಯುದ್ಧ. ಲಕ್ಷ್ಮೀಶನಲ್ಲೂ ಶಾಪ ಇದೆ. ಗಂಗೆ ಶಪಿಸುತ್ತಾಳೆ, ಜ್ವಾಲೆ ಎಂಬ ಹೆಂಗಸು ಬೆಂಕಿಗೆ ಬಿದ್ದು ಬಾಣವಾಗಿ ಬಬ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಆದರೆ ಓದುವವರಿಗೆ ಶಾಪ ಮರೆತುಹೋಗುತ್ತದೆ. ಒದೆ ಮರೆಯುವುದಿಲ್ಲ.

ಇನ್ನೊಂದು ಮಾತು ಮಾಸ್ತರು ಹೇಳಿದ್ದು. ಈ ದಂಡಯಾತ್ರೆಯಲ್ಲಿ ಅರ್ಜುನನ ಪಕ್ಕದಲ್ಲಿ ಇರುವವನು ವೃಷಕೇತು, ಕರ್ಣನ ಮಗ. ತಾನೇ ಕೊಂದ ಅಣ್ಣನ ಮಗನನ್ನು ಅರ್ಜುನ ಅಷ್ಟು ಪ್ರೀತಿಯಿಂದ ಜೊತೆಗೆ ಇಟ್ಟುಕೊಂಡಿದ್ದಾನೆ. ಅಂಥವನು ಸ್ವಂತ ಮಗನನ್ನು ಒದೆಯುತ್ತಾನೆ. ಆಮೇಲಿನ ಯುದ್ಧದಲ್ಲಿ ವೃಷಕೇತುವೂ ಸಾಯುತ್ತಾನೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಾಲೀಮಿನಲ್ಲಿ ತೊಂದರೆ ಆದದ್ದು ಇದೇ ಜಾಗದಲ್ಲಿ. ಬಾಡಿಗೆಗೆ ತರುವ ಕಿರೀಟ ಕಟ್ಟಿಗೆಯದು, ಬೇಗಡೆ, ಕನ್ನಡಿ ಚೂರು ಅಂಟಿಸಿದ್ದು. ಅದರ ಮೇಲೆ ಒದೆ ಬಿದ್ದರೆ ಒಡೆದೇ ಹೋಗುತ್ತದೆ. ಹಾಗಾಗಿ ಮಾಸ್ತರು ಒಂದು ಉಪಾಯ ಮಾಡಿದ್ದರು. ಬಬ್ರುವಾಹನ ಕಿರೀಟ ತೆಗೆದು ಅಪ್ಪನ ಕಾಲ ಬಳಿ ಇಟ್ಟು, ಬರಿದಲೆಯಲ್ಲಿ ಬೀಳಬೇಕು. ನಾನು ಹಾಗೇ ಬಿದ್ದೆ. ನನ್ನ ನೆತ್ತಿಯಲ್ಲಿ ಒಂದು ಗಾಯದ ಗುರುತಿದೆ. ನಾಲ್ಕು ವರ್ಷದವನಿದ್ದಾಗ ಎತ್ತಿನ ಬಂಡಿಯಿಂದ ಬಿದ್ದದ್ದು. ಅವತ್ತು ಬಂಡಿ ಹೊಡೆಯುತ್ತಿದ್ದವನು ಅಪ್ಪ. ಬಿದ್ದು ಕಾಯುತ್ತಿದ್ದೇನೆ, ಕಾಯುತ್ತಿದ್ದೇನೆ, ಒದೆ ಬರಲೇ ಇಲ್ಲ. ತಲೆ ಎತ್ತಿ ನೋಡಿದರೆ ಅಪ್ಪ ಸುಮ್ನೆ ನಿಂತಿದ್ದ. ಕಣ್ಣು ನನ್ನ ನೆತ್ತಿಯ ಮೇಲೆ.

‘ಆಗವಲ್ದು ಮಾಸ್ತರ’ ಅಂದ.

‘ನೀ ನನ್ನ ಮಗ ಅಲ್ಲ ಅಂತ ಹೇಳೋ ಹೊತ್ತಿನ್ಯಾಗ ಮಗ ಅಂತ ತಿಳ್ಕೊಂಡು ನಿಂತ್ರ ಹೆಂಗಪಾ? ಇನ್ನೊಮ್ಮೆ ಬಾ.’

ಎಂಟು ಹತ್ತು ದಿನ ಹೀಗೇ ನಡೆಯಿತು. ಕಾಲು ಮುಂದೆ ಬರುತ್ತಿತ್ತು, ತಲೆ ಮುಟ್ಟುವ ಮೊದಲೇ ಸೋತು ಕೆಳಗೆ ಇಳಿಯುತ್ತಿತ್ತು. ರಾಜಸೂಯ, ಖಾಂಡವವನ, ಪಾಶುಪತ ಅಂತ, ಬಯಲಾಟದಲ್ಲಿ ಪಾತ್ರಗಳನ್ನು ಮಾತಾಡಿಸುವ ಸಾರಥಿಯ ಮುಂದೆ ತನ್ನ ಸಾಹಸ ಹೇಳಿಕೊಳ್ಳುವಾಗ ಅಟ್ಟದ ಹಲಗೆ ನಡುಗಿಸುತ್ತಿದ್ದ ಮನುಷ್ಯ.

ಅದೇ ಹೊತ್ತಿಗೆ ಊರಿನ ಹುಡುಗರು ಸಿನಿಮಾ ಹಾಡು ಬೇಕೇ ಬೇಕು ಅಂತ ಹಟ ಹಿಡಿದರು. ಹಾಡು ಇದ್ದರೆ ಜಾಸ್ತಿ ಮುಯ್ಯಿ ಬರುತ್ತದೆ ಅಂದರು. ದೊಡ್ಡವರು ಒಪ್ಪಲಿಲ್ಲ, ಬಯಲಾಟದಲ್ಲಿ ಸಿನಿಮಾ ಯಾಕೆ ಅಂತ ಜಗಳ. ಮಾಸ್ತರು ಎರಡೂ ಕಡೆ ಕೇಳಿ, ‘ಹಾಡು ಹಾಡ್ಲಿ. ಆದ್ರ ಒದಿ ತಿಂದು ಆದಮ್ಯಾಲ ಹಾಡ್ಲಿ’ ಅಂದರು. ಇಷ್ಟು ವರ್ಷದಲ್ಲಿ ನಾನು ಕೇಳಿದ ಸರಿಯಾದ ವಿಮರ್ಶೆ ಅಂದರೆ ಇದೇ. ಸಿನಿಮಾ ಆ ಹುಡುಗನಿಗೆ ಮಾತು ಕೊಟ್ಟಿತು. ಕೃಷ್ಣ ಇಲ್ಲದೆ ನೀನು ಯಾರು ಅಂತ ಅಪ್ಪನನ್ನೇ ಕೇಳುವ ಎದೆ ಕೊಟ್ಟಿತು. ಅದು ಸಣ್ಣ ಕೊಡುಗೆ ಅಲ್ಲ, ನನ್ನಂಥ ಎಷ್ಟೋ ಮಕ್ಕಳು ಆ ಹಾಡಿನಲ್ಲಿ ತಲೆ ಎತ್ತಿ ನಿಲ್ಲುವುದನ್ನು ಕಲಿತಿದ್ದಾರೆ. ಆದರೆ ತಲೆ ಎತ್ತುವ ಮುಂಚೆ ಅವನು ತಲೆ ಬಗ್ಗಿಸಿದ್ದ. ತನಗೆ ಬಿದ್ದ ಒದೆಯನ್ನು ನುಂಗಿಕೊಂಡ, ಅವ್ವನ ಮೇಲೆ ಬಂದ ಮಾತನ್ನು ನುಂಗಲಿಲ್ಲ. ನನ್ನ ಪಾಲಿಗೆ ಅವನ ಪರಾಕ್ರಮ ಇರುವುದು ಅಲ್ಲಿ. ಬಾಣ ಬಿಡುವುದು ಆಮೇಲಿನ ಮಾತು.

ಆಟದ ರಾತ್ರಿ ಬಂತು. ಗೆಜ್ಜೆಪೂಜೆ ಆಯಿತು. ಮದ್ದಲೆ, ಹಾರ್ಮೋನಿಯಂ, ತಾಳ. ನನ್ನ ಪ್ರವೇಶ ಆಗುವ ಹೊತ್ತಿಗೆ ರಾತ್ರಿ ಎರಡು ದಾಟಿತ್ತು. ಕಾಣಿಕೆ ತಟ್ಟೆ ಇಟ್ಟೆ, ಕಿರೀಟ ತೆಗೆದೆ, ಬಿದ್ದೆ. ಈ ಸಲ ಒದೆ ಬಿತ್ತು. ಬಲವಾಗಿಯೇ ಬಿತ್ತು. ಗೆಜ್ಜೆಯ ಕಾಳೊಂದು ನೆತ್ತಿಗೆ ತಾಗಿ ಉರಿ ಎದ್ದಿತು. ಹೆಂಗಸರ ಸಾಲಿನಿಂದ ‘ಅಯ್ಯಯ್ಯೋ’ ಅಂತ ದನಿ ಬಂತು. ಅದರಲ್ಲಿ ಅವ್ವನ ದನಿಯೂ ಇತ್ತು. ಆಮೇಲೆ ನಾನು ಹಾಡಿದ ಹಾಡು ನನಗೇ ಹೊಸದಾಗಿ ಕೇಳಿಸಿತು.

ಯುದ್ಧ ಆಯಿತು, ಅರ್ಜುನ ಬಿದ್ದ. ಕಾವ್ಯದಲ್ಲಿ ಅವನ ರುಂಡವನ್ನೇ ನಾಗರು ಕದಿಯುತ್ತಾರೆ. ಅಟ್ಟದ ಮೇಲೆ ಅದು ಹೇಗೆ ಸಾಧ್ಯ? ಮುಖದ ಮೇಲೆ ಕೆಂಪು ವಸ್ತ್ರ ಹೊದಿಸಿದರು, ರುಂಡ ಹೋಯಿತು ಅಂತ ಲೆಕ್ಕ. ಇನ್ನು ಪಾತಾಳದಿಂದ ಸಂಜೀವಕ ಮಣಿ ಬರಬೇಕು, ಕೃಷ್ಣ ಬರಬೇಕು, ಚಿತ್ರಾಂಗದೆಯ ಶೋಕ, ಉಲೂಪಿಯ ಶೋಕ. ಮುಕ್ಕಾಲು ಗಂಟೆಯ ಕೆಲಸ. ನಾನು ಪಕ್ಕದಲ್ಲಿ ಕುಕ್ಕರಿಸಿ ಅಳುತ್ತಾ ಕೂತಿದ್ದೆ. ವಸ್ತ್ರದ ಒಳಗಿನಿಂದ ಸಣ್ಣ ದನಿ ಬಂತು.

‘ಕಾಲು ಜೋಮು ಹಿಡದೈತೋ. ಬಲಗಾಲು. ಒಂಚೂರು ಒತ್ತು.’

ಸರಿದು ಹೋಗಿ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಮ್ಮಡಿಯಿಂದ ಮೀನಖಂಡದವರೆಗೆ ನಿಧಾನಕ್ಕೆ ಒತ್ತಿದೆ. ಚಿತ್ರಾಂಗದೆಯ ಪಾತ್ರಧಾರಿ ಹಾಡುವುದನ್ನು ನಿಲ್ಲಿಸಿ ನೋಡಿದ, ಮತ್ತೆ ಅದೇ ಸಾಲು ಎತ್ತಿಕೊಂಡ. ಕೆಳಗೆ ಕೂತವರು ಯಾರೂ ಮಾತಾಡಲಿಲ್ಲ. ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮರುವರ್ಷ ತಾಲೀಮು ಶುರುವಾದಾಗ ಮಾಸ್ತರು ತಮ್ಮ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ತೋರಿಸಿದರು. ‘ಇಲ್ಲಿ ಮಗ ತಂದೆಯ ಕಾಲು ಒತ್ತುವುದು.’