ಒಂದು ಹೊತ್ತೆವು, ಇನ್ನೊಂದು ಬಾಡಿಗೆಗೆ ತಗೊಂಡೆವು

ಊರಿಗೆ ಹೊರಡುವಾಗ ನಮ್ಮ ಮನೆಯಲ್ಲಿ ಜಗಳ ನಡೆಯುವುದು ಬಟ್ಟೆಬರೆಗಲ್ಲ, ಮಕ್ಕಳ ಕಾರ್ ಸೀಟಿಗೆ. ಮಗನಿಗೆ ಮೂರು ವರ್ಷ, ಮಗಳಿಗೆ ಆರು. ಅಕ್ಕನ ಊರಿಗೆ ವಿಮಾನದಲ್ಲಿ ಹೋಗುವುದು, ಏರ್‌ಪೋರ್ಟಿನಲ್ಲೇ ಬಾಡಿಗೆ ಕಾರು ಹಿಡಿಯುವುದು ಅಂತ ಆಗಿತ್ತು. ಕಾರಿನ ಜೊತೆ ಸೀಟೂ ಬಾಡಿಗೆಗೆ ಸಿಗುತ್ತದೆ. ಹಾಗಿದ್ದ ಮೇಲೆ ಮನೆಯಿಂದ ಯಾಕೆ ಹೊತ್ತುಕೊಂಡು ಹೋಗಬೇಕು ಅನ್ನುವುದು ನನ್ನ ಗಂಡನ ವಾದ. ಫೋನಿನಲ್ಲಿ ಅಕ್ಕನೂ ಅವನ ಕಡೆಯೇ ಸೇರಿದಳು. "ಸುಮ್ನೆ ಕೈ ಬೀಸ್ಕೊಂಡು ಬಾರೇ, ಇಲ್ಲೇನು ಸೀಟಿಗೆ ಬರವಾ?"

ಕೊನೆಗೆ ನಾನು ಹಟ ಹಿಡಿದು ಒಪ್ಪಿಸಿದ್ದು ಹೀಗೆ: ಮಗನ ಸೀಟು ನಮ್ಮ ಜೊತೆ ಬರುತ್ತದೆ, ಮಗಳ ಬೂಸ್ಟರ್, ಅಂದರೆ ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಸೀಟು, ಅಲ್ಲಿ ಬಾಡಿಗೆಗೆ. ಕೇಳಿದವರಿಗೆಲ್ಲ ಇದು ಉಲ್ಟಾ ಅನ್ನಿಸಿತು. ಮಗನ ಸೀಟು ಹತ್ತಿರ ಹತ್ತಿರ ಎಂಟು ಕಿಲೋ ತೂಗುತ್ತದೆ. ಬೂಸ್ಟರ್ ಅದರ ಅರ್ಧವೂ ಇಲ್ಲ. ಭಾರದ್ದನ್ನು ಹೊತ್ತು ಹಗುರದ್ದನ್ನು ಬಿಟ್ಟು ಹೋಗುವುದಾ?

ನಾನು ನೋಡಿದ್ದು ತೂಕವನ್ನಲ್ಲ, ತಪ್ಪಾಗುವ ಜಾಗಗಳನ್ನು. ಮಗನದು ಐದು ಕಡೆ ಪಟ್ಟಿ ಇರುವ ಸೀಟು. ಮುಂದಕ್ಕೆ ಮುಖ ಮಾಡಿ ಕೂರುವ ಮಗುವಿಗೆ ಆ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲಿನ ತೂತಿನಿಂದ ಬರಬೇಕು. ಹಿಂದಕ್ಕೆ ಮುಖ ಮಾಡಿ ಕೂರುವ ಮಗುವಿಗೆ ಭುಜದ ಮಟ್ಟ ಅಥವಾ ಅದಕ್ಕಿಂತ ಕೆಳಗೆ. ಪಟ್ಟಿ ಎಷ್ಟು ಬಿಗಿ ಇರಬೇಕೆಂದರೆ, ಭುಜದ ಹತ್ತಿರ ಅದನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಲು ಆಗಬಾರದು. ಎದೆ ಮೇಲಿನ ಕ್ಲಿಪ್ ಕಂಕುಳ ಮಟ್ಟಕ್ಕೆ ಬರಬೇಕು. ಇಷ್ಟಾದ ಮೇಲೆ ಸೀಟನ್ನು ಕಾರಿಗೆ ಬಿಗಿಯಬೇಕು, ಅದರ ಬೆನ್ನಿನಿಂದ ಹೊರಡುವ ಮೇಲಿನ ಪಟ್ಟಿಯನ್ನು ಕಾರಿನ ಕೊಂಡಿಗೆ ಸಿಕ್ಕಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಸೀಟು ಅರ್ಧ ಕೆಲಸ ಮಾಡುತ್ತದೆ. ಬಾಡಿಗೆ ಕೌಂಟರಿನವರು ಸಾಮಾನ್ಯವಾಗಿ ಸೀಟನ್ನು ಕೈಗೆ ಕೊಡುತ್ತಾರೆಯೇ ಹೊರತು ಕಾರಿಗೆ ಹಾಕಿ ಕೊಡುವುದಿಲ್ಲ. ಹಾಕಿದ್ದರಲ್ಲಿ ತಪ್ಪಾದರೆ ಹೊಣೆ ತಮ್ಮ ಮೇಲೆ ಬರುತ್ತದೆ ಅಂತ ಅವರ ಭಯ. ಅಂದರೆ ರಾತ್ರಿ ಹೊತ್ತು, ನಿದ್ದೆ ಕಣ್ಣಲ್ಲಿ, ಯಾರೋ ಬಳಸಿದ ಸೀಟಿನ ಪಟ್ಟಿಗಳನ್ನು ನಾವೇ ಮೊದಲಿನಿಂದ ಹೊಂದಿಸಬೇಕು. ಮನೆಯ ಸೀಟಾದರೆ ಪಟ್ಟಿಗಳೆಲ್ಲ ಮಗನ ಅಳತೆಗೇ ನಿಂತಿರುತ್ತವೆ. ಕಾರಿಗೆ ಬಿಗಿಯುವುದಷ್ಟೇ ಬಾಕಿ.

ಬೂಸ್ಟರಿಗೆ ಈ ರಗಳೆ ಇಲ್ಲ. ಅದು ಮಗುವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸುತ್ತದೆ, ಹಿಡಿಯುವ ಕೆಲಸ ಕಾರಿನ ಬೆಲ್ಟಿನದು. ಕೆಳಗಿನ ಬೆಲ್ಟು ಹೊಟ್ಟೆ ಮೇಲೆ ಏರದೆ ತೊಡೆಯ ಬುಡದಲ್ಲಿ ಕೂತಿದೆಯಾ, ಮೇಲಿನದು ಕುತ್ತಿಗೆಗೆ ತಾಗದೆ ಭುಜದ ನಡುವೆ ಹಾದು ಹೋಗಿದೆಯಾ, ಇಷ್ಟು ನೋಡಿದರೆ ಮುಗಿಯಿತು. ಯಾರದ್ದೋ ಬೂಸ್ಟರಾದರೂ ಪರೀಕ್ಷೆ ಮಾಡಲು ಎರಡು ನಿಮಿಷ ಸಾಕು.

ಇನ್ನೊಂದು ಕಾರಣವೂ ಇತ್ತು. ವಿಮಾನದಲ್ಲಿ ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಎರಡು ತುಂಬಿದ ಮೇಲೆ ಟಿಕೆಟ್ ತೆಗೆಯಲೇಬೇಕು. ಮಗನಿಗೆ ದುಡ್ಡು ಕೊಟ್ಟು ತಗೊಂಡ ಜಾಗ ಇದ್ದೇ ಇತ್ತು, ಅಲ್ಲಿ ಅವನ ಸೀಟನ್ನೇ ಹಾಕಬಹುದು. ಬೂಸ್ಟರನ್ನು ಹಾಗೆ ಹಾಕುವಂತಿಲ್ಲ, ಯಾಕೆಂದರೆ ಅದಕ್ಕೆ ಭುಜದ ಬೆಲ್ಟು ಬೇಕು, ವಿಮಾನದಲ್ಲಿ ಇರುವುದು ಸೊಂಟದ ಬೆಲ್ಟು ಮಾತ್ರ. ಈ ನಡುವೆ ಗಂಡ ಕೇರ್ಸ್ ಅನ್ನುವ ಪಟ್ಟಿಯನ್ನು ಹುಡುಕಿ ತಂದು ತೋರಿಸಿದ. ವಿಮಾನದ ಸೀಟಿನ ಬೆನ್ನಿಗೆ ಸುತ್ತಿ ಮಗುವನ್ನು ಕಟ್ಟುವಂಥದ್ದು. 10ರಿಂದ 20 ಕಿಲೋ ತೂಕದ ಮಕ್ಕಳಿಗೆ. ಅಂಗೈ ಮೇಲೆ ಹಿಡಿಯುವಷ್ಟು ಚಿಕ್ಕದು, ಒಳ್ಳೆಯದೇ. ಆದರೆ ಅದನ್ನು ಕಾರಿನಲ್ಲಿ ಬಳಸುವ ಹಾಗಿಲ್ಲ. ಇಳಿದ ಮೇಲೆ ಮತ್ತೆ ಅದೇ ಕೌಂಟರು, ಅದೇ ಗೊತ್ತಿಲ್ಲದ ಸೀಟು.

"ಲಗೇಜಿಗೆ ಹಾಕಿಬಿಡೋಣ, ಎಷ್ಟೋ ಕಂಪನಿಗಳು ಇದಕ್ಕೆ ಚಾರ್ಜ್ ಮಾಡಲ್ಲ" ಅಂದ. ಅದೂ ನಿಜವೇ. ಆದರೆ ಲಗೇಜು ಹೇಗೆ ಬೀಳುತ್ತದೆ ಅಂತ ನಾವೆಲ್ಲ ಕಿಟಕಿಯಿಂದ ನೋಡಿದ್ದೇವಲ್ಲ. ಬಟ್ಟೆಯ ಹೊದಿಕೆ ಒಳಗೆ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಹೊರಗಿನಿಂದ ಕಾಣಿಸುವುದಿಲ್ಲ. ಜೋರಾದ ಅಪಘಾತ ಆದ ಮೇಲೆ ಸೀಟನ್ನು ಬಳಸಲೇಬಾರದು ಅಂತ ಹೇಳುವುದು ಅದಕ್ಕೇ. ಅದೂ ಹೋಗಲಿ, ಸೂಟ್‌ಕೇಸ್ ಬೇರೆ ವಿಮಾನ ಹತ್ತಿ ಹೋದರೆ ಒಂದು ದಿನ ಅದೇ ಬಟ್ಟೆಯಲ್ಲಿ ಇರಬಹುದು. ಸೀಟು ಬೇರೆ ವಿಮಾನ ಹತ್ತಿ ಹೋದರೆ ಏರ್‌ಪೋರ್ಟಿನಿಂದ ಹೊರಗೆ ಹೆಜ್ಜೆ ಇಡಲು ಆಗುವುದಿಲ್ಲ.

ಹೊರಡುವ ದಿನ ಚಕ್ರದ ಸೂಟ್‌ಕೇಸಿಗೆ ಸೀಟನ್ನು ಪಟ್ಟಿಯಿಂದ ಬಿಗಿದು ಕಟ್ಟಿದೆವು. ಮಗ ಅದರ ಮೇಲೆಯೇ ಕೂತು ರಾಜನ ಥರ ಬಂದ. ಸೆಕ್ಯುರಿಟಿಯಲ್ಲಿ ಎಲ್ಲ ಬಿಚ್ಚಿ ಬೆಲ್ಟಿನ ಮೇಲೆ ಇಡಬೇಕಾಯಿತು. ಸೀಟು ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿತು. ಅಲ್ಲಿದ್ದವರು ಅದನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ, ಕೊನೆಗೆ ಪಕ್ಕಕ್ಕೆ ತಗೊಂಡು ಹೋಗಿ ಒಂದು ಬಟ್ಟೆ ತುಂಡಿನಿಂದ ಒರೆಸಿ ಪರೀಕ್ಷೆ ಮಾಡಿ ಕೊಟ್ಟರು. ಹಿಂದೆ ಸಾಲು ಬೆಳೆಯುತ್ತಿತ್ತು. ಗಂಡ ನನ್ನ ಮುಖ ನೋಡಿದ. ನಾನು ಶೂ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದೆ.

ವಿಮಾನದ ನಡುವಿನ ದಾರಿ ಎಷ್ಟು ಕಿರಿದು ಅನ್ನುವುದು ಕಾರ್ ಸೀಟ್ ಹಿಡಿದು ನಡೆದವರಿಗೇ ಗೊತ್ತು. ಸೊಂಟದ ಮಟ್ಟದಲ್ಲಿ ಹಿಡಿದರೆ ಎರಡೂ ಕಡೆ ಜನರ ಮೊಣಕೈಗೆ ಬಡಿಯುತ್ತದೆ. ಸೀಟುಗಳ ತಲೆಗಿಂತ ಮೇಲೆ ಎತ್ತಿಯೇ ನಡೆಯಬೇಕು. ಮಕ್ಕಳಿರುವವರನ್ನು ಮೊದಲು ಹತ್ತಿಸುವ ಪದ್ಧತಿ ಇದ್ದರೆ ಬಿಡಬೇಡಿ. ಸೀಟು ಹಾಕುವುದು ಕಿಟಕಿ ಪಕ್ಕಕ್ಕೆ, ಬೇರೆಯವರು ಹೊರಗೆ ಬರುವ ದಾರಿಗೆ ಅಡ್ಡ ಆಗಬಾರದು ಅಂತ. ತುರ್ತು ಬಾಗಿಲಿನ ಸಾಲಿನಲ್ಲಂತೂ ಕೂಡದು. ಅಗಲ 16 ಇಂಚಿನೊಳಗೆ ಇದ್ದರೆ ಹೆಚ್ಚಿನ ವಿಮಾನದ ಸೀಟುಗಳಲ್ಲಿ ಕೂರುತ್ತದೆ. ನಮ್ಮದನ್ನು ಮನೆಯಲ್ಲೇ ಟೇಪ್ ಹಿಡಿದು ಅಳೆದಿದ್ದೆ. ಆದರೂ ನಡುವಿನ ಆರ್ಮ್‌ರೆಸ್ಟನ್ನು ಎತ್ತಿದ ಮೇಲೆಯೇ ಅದು ಒಳಗೆ ಹೋದದ್ದು.

ಗಗನಸಖಿ ಬಂದು ಲೇಬಲ್ ತೋರಿಸಿ ಅಂದರು. ಅಮೆರಿಕದ ನಿಯಮಕ್ಕೆ ಮಾಡಿದ ಸೀಟುಗಳ ಮೇಲೆ, ಇದನ್ನು ವಾಹನದಲ್ಲೂ ವಿಮಾನದಲ್ಲೂ ಬಳಸಬಹುದು ಅಂತ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮದು ಅಂಥದ್ದೇ. ಆ ಸಾಲು ಎಲ್ಲಿದೆ ಅಂತ ಮೊದಲೇ ನೋಡಿ ಇಟ್ಟುಕೊಂಡಿದ್ದರಿಂದ ಬೆರಳಿಟ್ಟು ತೋರಿಸಿದೆ, ಅವರು ನಕ್ಕು ಮುಂದೆ ಹೋದರು.

ಆಮೇಲೆ ಬಕಲ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಯಾವ ಕೈಪಿಡಿಯಲ್ಲೂ ನಾನು ಇದನ್ನು ಓದಿಲ್ಲ. ವಿಮಾನದ ಬೆಲ್ಟು ಕಾರ್ ಸೀಟಿನ ಬೆನ್ನ ಹಿಂದಿನ ಸಂದಿಯಲ್ಲಿ ಹಾದು ಬರುತ್ತದೆ. ಅದರ ಬಕಲ್ಲಿಗೆ ಮೇಲಕ್ಕೆ ಎತ್ತಿ ಬಿಚ್ಚುವ ಮುಚ್ಚಳ ಇರುತ್ತದಲ್ಲ, ಬಿಗಿದ ಮೇಲೆ ಅದು ಸೀಟಿನ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ನಿಂತುಬಿಡುತ್ತದೆ. ಹಾಕುವಾಗ ಗೊತ್ತಾಗುವುದಿಲ್ಲ. ಇಳಿಯುವಾಗ ಮುಚ್ಚಳ ಎತ್ತಲು ಜಾಗವೇ ಇರುವುದಿಲ್ಲ, ಹಿಂದಿನವರೆಲ್ಲ ಬ್ಯಾಗ್ ಹಿಡಿದು ನಿಂತಿರುತ್ತಾರೆ. ಅಕ್ಕ ಒಮ್ಮೆ ಹೀಗೆ ಸಿಕ್ಕಿಕೊಂಡು ಬೆವರಿದ ಕಥೆ ಹೇಳಿದ್ದಳು. ಆದ್ದರಿಂದ ಸಿಕ್ಕಿಸುವ ಮೊದಲೇ ಬಕಲ್ಲನ್ನು ಮಗುಚಿ, ಮುಚ್ಚಳ ವಿಮಾನದ ಸೀಟಿನ ಮೆತ್ತೆಯ ಕಡೆಗೆ ಬರುವ ಹಾಗೆ ಮಾಡಿದೆವು. ಮೆತ್ತೆ ಒತ್ತಿದರೆ ಬಗ್ಗುತ್ತದೆ, ಬೆರಳು ಒಳಗೆ ಹೋಗುತ್ತದೆ. ಇಳಿಯುವಾಗ ಒಂದೇ ಎತ್ತಿಗೆ ಬಿಚ್ಚಿತು. ಗಂಡ ಆ ದಿನ ನನ್ನನ್ನು ಹೊಗಳಿದ್ದು ಅದೊಂದಕ್ಕೆ.

ತೊಂದರೆಯೇ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾರ್ ಸೀಟಿನಲ್ಲಿ ಕೂತ ಮಗುವಿನ ಕಾಲು ಸರಿಯಾಗಿ ಮುಂದಿನ ಸೀಟಿನ ಬೆನ್ನಿಗೆ ಬರುತ್ತದೆ. ಟ್ರೇ ಪೂರ್ತಿ ಇಳಿಯುವುದಿಲ್ಲ. ಮುಂದೆ ಕೂತಿದ್ದವರು ಒಮ್ಮೆ ತಿರುಗಿ ನೋಡಿದರು. ಮಗನ ಶೂ ಬಿಚ್ಚಿಸಿದೆ, ಒದೆತ ಉಳಿಯಿತು, ಸದ್ದು ಕಡಿಮೆಯಾಯಿತು. ಆದರೆ ಬೆಲ್ಟು ಬಿಚ್ಚು ಅಂತ ಅವನು ಕೇಳಲೇ ಇಲ್ಲ. ಕಾರಿನಲ್ಲಿ ದಿನಾ ಕೂರುವ ಜಾಗ ಅದು, ಅಲ್ಲಿ ಕಟ್ಟಿಸಿಕೊಳ್ಳುವುದು ಅವನಿಗೆ ಅಭ್ಯಾಸ. ನಡುವೆ ವಿಮಾನ ಸ್ವಲ್ಪ ಜೋರಾಗಿಯೇ ಅಲುಗಾಡಿತು. ಅವನು ತಲೆಯನ್ನು ಪಕ್ಕಕ್ಕೆ ಒರಗಿಸಿ ನಿದ್ದೆ ಹೊಡೆಯುತ್ತಿದ್ದ. ಎರಡು ವರ್ಷದೊಳಗಿನ ಮಕ್ಕಳಿಗೂ ಮಡಿಲಿಗಿಂತ ಇಂಥ ಸೀಟೇ ಕ್ಷೇಮ ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹೇಳುತ್ತದೆ. ಅಲುಗಾಟ ಜೋರಾದಾಗ ಮಗುವನ್ನು ಕೈಯಲ್ಲಿ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುವ ಕೆಲಸವಲ್ಲ.

ಇಳಿದಾಗ ರಾತ್ರಿ. ಬಾಡಿಗೆ ಕಾರಿನ ಕೌಂಟರಿನಲ್ಲಿ ಬೂಸ್ಟರ್ ಬುಕ್ ಮಾಡಿದ ಕಾಗದ ತೋರಿಸಿದೆವು. ಹುಡುಗ ಒಳಗೆ ಹೋಗಿ ಒಂದು ದೊಡ್ಡ ಸೀಟನ್ನು ಎತ್ತಿಕೊಂಡು ಬಂದ. ಅದು ಬೂಸ್ಟರ್ ಅಲ್ಲ, ಐದು ಪಟ್ಟಿಯ ಸೀಟು. "ಇದೂ ಆಗುತ್ತೆ ಮೇಡಂ, ದೊಡ್ಡದೇ ಇದೆ" ಅಂದ. ಬದಿಗೆ ಅಂಟಿಸಿದ್ದ ಲೇಬಲ್ಲಿಗೆ ಫೋನಿನ ಬೆಳಕು ಹಿಡಿದೆ. ಪಟ್ಟಿ ಬಳಸಬಹುದಾದ ತೂಕ 18 ಕಿಲೋವರೆಗೆ ಅಂತ ಇತ್ತು. ಮಗಳು 22 ಕಿಲೋ. ಗಾತ್ರ ದೊಡ್ಡದಾದರೆ ಆಯಿತಾ?

ಎರಡನೆಯದಾಗಿ ತಂದದ್ದು ಬೂಸ್ಟರೇ. ಆದರೆ ಲೇಬಲ್ ಕಿತ್ತು ಹೋಗಿ ಬರೀ ಗೋಂದಿನ ಗುರುತು ಉಳಿದಿತ್ತು. ಕಾರ್ ಸೀಟುಗಳಿಗೆ ತಯಾರಾದ ತಾರೀಖು ಇರುತ್ತದೆ, ಇಷ್ಟು ವರ್ಷಕ್ಕೆ ಬಳಕೆ ಮುಗಿಯಿತು ಅಂತಲೂ ಇರುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಲೇಬಲ್ಲೇ ಇಲ್ಲದ್ದು ಎಷ್ಟು ಹಳೆಯದು, ಯಾವ ತೂಕಕ್ಕೆ, ಯಾರಿಗೆ ಗೊತ್ತು? ಬೇಡ ಅಂದೆ. ಹುಡುಗನಿಗೆ ಬೇಜಾರಾಯಿತು, ಪಾಪ. ಅವನ ಕೈಯಲ್ಲಿ ಏನೂ ಇರಲಿಲ್ಲ. ನೀವು ಬುಕ್ ಮಾಡುವುದು ಸೀಟನ್ನಲ್ಲ, ಸೀಟು ಸಿಗಬಹುದು ಅನ್ನುವ ಭರವಸೆಯನ್ನು. ಆ ರಾತ್ರಿ ಗೋದಾಮಿನಲ್ಲಿ ಯಾವುದು ಉಳಿದಿದೆಯೋ ಅದೇ ನಿಮ್ಮದು. ಮೂರನೆಯದು ಸರಿ ಇತ್ತು. ತಾರೀಖು ಇತ್ತು, ಪ್ಲಾಸ್ಟಿಕ್ ಗಟ್ಟಿ ಇತ್ತು, ಕೂರುವ ಜಾಗದಲ್ಲಿ ಮಾತ್ರ ಬಿಸ್ಕತ್ತಿನ ಪುಡಿ. ಒರೆಸಿದೆವು. ಮಗಳನ್ನು ಕೂರಿಸಿ ಬೆಲ್ಟು ಹಾಕಿದೆವು, ತೊಡೆಯ ಮೇಲೆ ಸರಿಯಾಗಿ ಕೂತಿತು.

ಅಷ್ಟರಲ್ಲಿ ಗಂಡ ಫೋನ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಗನ ಸೀಟಿನ ಮೇಲೆ ಮೊಣಕಾಲು ಊರಿದ್ದ. ಗೊತ್ತಿಲ್ಲದ ಕಾರು, ಆದರೆ ಗೊತ್ತಿರುವ ಸೀಟು. ಕೈ ತಾನಾಗಿ ಓಡುತ್ತಿತ್ತು. ಬೆಲ್ಟು ಎಳೆದು, ಮೇಲಿನ ಪಟ್ಟಿ ಸಿಕ್ಕಿಸಿ, ಬೆಲ್ಟು ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಿದ. ಅಲ್ಲಿ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು ಅನ್ನುವುದು ಲೆಕ್ಕ. ಸರಿಯಲಿಲ್ಲ. ಮಗ ಅಪ್ಪನ ಹೆಗಲ ಮೇಲಿನಿಂದ ಸೀಟಿಗೆ ಇಳಿದದ್ದು ನಿದ್ದೆಯಲ್ಲೇ. ಆ ಕೌಂಟರಿನಲ್ಲಿ ಕಳೆದ ಹೊತ್ತನ್ನು ಅವನ ಸೀಟಿಗೂ ಕಳೆಯಬೇಕಾಗಿದ್ದರೆ? ತೂಕ, ತಾರೀಖು, ಆಮೇಲೆ ಪಟ್ಟಿಯ ತೂತು, ಕ್ಲಿಪ್ಪು, ಎಲ್ಲವನ್ನೂ? ಗಂಡನೇ ಇದನ್ನು ಹೇಳಿದ, ನಾನಲ್ಲ.

ಬೇರೆ ದೇಶಕ್ಕೆ ಹೋಗುವುದಾದರೆ ನನ್ನ ಲೆಕ್ಕ ನಿಲ್ಲುವುದಿಲ್ಲ. ಯುರೋಪಿನಲ್ಲಿ ಆರ್‌44 ಅಥವಾ ಆರ್‌129 ಅನ್ನುವ ಸುರಕ್ಷತಾ ನಿಯಮದ ಗುರುತಿರುವ ಸೀಟೇ ಬೇಕು. ಹಳೆಯ ಆರ್‌44 ಸೀಟುಗಳ ಮಾರಾಟವನ್ನು ಐರೋಪ್ಯ ಒಕ್ಕೂಟದಲ್ಲಿ 2024ರ ಸೆಪ್ಟೆಂಬರಿನಿಂದ ನಿಲ್ಲಿಸಿದ್ದಾರೆ, ಇರುವವರು ಬಳಸಬಹುದು. ಆಸ್ಟ್ರೇಲಿಯಾಕ್ಕೆ ಅದರದ್ದೇ ಗುರುತು. ಒಂದು ಕಡೆ ಕಾನೂನುಬದ್ಧವಾದ ಸೀಟು ಇನ್ನೊಂದು ಕಡೆ ಅಲ್ಲ. ಅಂಥಲ್ಲಿ ಬಾಡಿಗೆಗೆ ತಗೊಳ್ಳುವುದೇ ಸರಿ, ಹಗಲು ಹೊತ್ತಿನಲ್ಲಿ ಇಳಿಯುವ ವಿಮಾನ ನೋಡಿ ಟಿಕೆಟ್ ಮಾಡುವುದು ಇನ್ನೂ ಸರಿ. ತುಂಬಾ ದಿನ ಇರುವವರು ಮಾತ್ರ ಒಮ್ಮೆ ಕೂಡಿಸಿ ನೋಡಬೇಕು. ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ ಅಂತ ಕೇಳಿಕೊಳ್ಳದಿದ್ದರೆ ಅಲ್ಲೇ ಒಂದು ಹೊಸ ಸೀಟು ಕೊಳ್ಳುವಷ್ಟು ಆಗಿಬಿಡುತ್ತದೆ.

ವಾಪಸ್ ಹೊರಡುವ ದಿನ ಕಾರು ಒಪ್ಪಿಸಲು ಹೋದೆವು. ಬಿಲ್ಲಿನಲ್ಲಿ ಬೂಸ್ಟರಿನ ಬದಲು ಐದು ಪಟ್ಟಿಯ ಸೀಟಿನ ಬಾಡಿಗೆ ಹಾಕಿದ್ದರು. ಮೊದಲ ರಾತ್ರಿ ಆ ಹುಡುಗ ಹೊತ್ತು ತಂದು ನಾವು ಬೇಡ ಅಂದ ಸೀಟು ಅದು. ಕಂಪ್ಯೂಟರಿನಲ್ಲಿ ಅದೇ ಉಳಿದುಬಿಟ್ಟಿತ್ತು. ಮಗಳ ಬೂಸ್ಟರನ್ನು ಕೌಂಟರಿನ ಮೇಲೆ ಇಟ್ಟು, "ನಾವು ಬಳಸಿದ್ದು ಇದು" ಅಂದೆ. ತಿದ್ದಿ ಕೊಟ್ಟರು. ಗಂಡ ಆಗಲೇ ಮಗನ ಸೀಟನ್ನು ಸೂಟ್‌ಕೇಸಿಗೆ ಕಟ್ಟಿ ಮುಗಿಸಿ, "ಸೆಕ್ಯುರಿಟೀಲಿ ಈ ಸಲ ನೀನೇ ನಿಲ್ಲು, ಶೂ ಹಾಕ್ಕೊಳ್ಳೋದು ನಂದು" ಅಂದ.