ಟ್ರ್ಯಾಕ್ಟರಿಗೊಂದು ಶೆಡ್ಡು: 24 ಅಡಿಗೆ 20 ಅಡಿಯ ಲೆಕ್ಕ

ಶೆಡ್ಡಿಗೆ ಅಳತೆ ಹಾಕುವಾಗ ಟ್ರ್ಯಾಕ್ಟರನ್ನು ರೋಟವೇಟರ್ ಸಮೇತ ಅಳೆಯಿರಿ. 45ರಿಂದ 50 ಎಚ್‌ಪಿ ಗಾಡಿ ಬರೀ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಿಂದೆ ರೋಟವೇಟರ್ ಕಟ್ಟಿದರೆ ಹದಿನಾರು, ಹದಿನೇಳು ಅಡಿಗೆ ಬರುತ್ತದೆ. ಉಳುಮೆ ದಿನಗಳಲ್ಲಿ ಸಂಜೆ ಅದನ್ನು ಬಿಚ್ಚಿಟ್ಟು ಬೆಳಿಗ್ಗೆ ಮತ್ತೆ ಕಟ್ಟುವವರು ಯಾರೂ ಇಲ್ಲ. ಹದಿನೈದು ಅಡಿ ಆಳದ ಶೆಡ್ಡು ಕಟ್ಟಿದವರ ರೋಟವೇಟರ್ ಮಳೆಗಾಲವಿಡೀ ಸೂರಿನ ಆಚೆ ನೆನೆಯುವುದು ಇದೇ ಕಾರಣಕ್ಕೆ.

ಆದ್ದರಿಂದ ಆಳ 20 ಅಡಿ ಇರಲಿ, ಮುಂಭಾಗದ ಅಗಲ 24 ಅಡಿ. ಹನ್ನೆರಡು ಅಡಿಯ ಎರಡು ಅಂಕಣ ಸಿಗುತ್ತವೆ. ಒಂದರಲ್ಲಿ ಕಟ್ಟಿದ ಸಾಮಾನಿನ ಸಮೇತ ಟ್ರ್ಯಾಕ್ಟರ್, ಇನ್ನೊಂದರಲ್ಲಿ ಹಿಂಗೋಡೆಗೆ ಕಲ್ಟಿವೇಟರ್, ಅದರ ಮುಂದೆ ಟ್ರೇಲರ್. ಗಾಡಿಯನ್ನು ಯಾವಾಗಲೂ ಹಿಮ್ಮುಖವಾಗಿ ಒಳಗೆ ಬಿಡುವಂತೆ ಯೋಚಿಸಿ. ಸಾಮಾನನ್ನು ನೆಟ್ಟಗೆ ಹಿಂದಕ್ಕೆ ಬಂದು ಕಟ್ಟುವಂತಿದ್ದರೆ ಒಬ್ಬರೇ ಕಟ್ಟಬಹುದು. ಓರೆಯಾಗಿ ಇಟ್ಟರೆ ಕೈಯಿಂದ ಎಳೆದು ಸರಿಪಡಿಸಬೇಕಾಗುತ್ತದೆ, ಬೆರಳು ಜಜ್ಜಿಹೋಗುವುದು ಆಗಲೇ. ಶೆಡ್ಡಿನ ಮುಂದೆ ಟ್ರೇಲರ್ ತಿರುಗಲು ಕನಿಷ್ಠ 30 ಅಡಿ ಖಾಲಿ ಬಿಡಿ. ವಿದ್ಯುತ್ ತಂತಿ ಹಾದುಹೋಗುವ ಜಾಗ ಬೇಡವೇ ಬೇಡ.

ದಿಕ್ಕಿನ ವಿಷಯ. ಬೆಂಗಳೂರಿನ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ಪಶ್ಚಿಮಕ್ಕೆ ತಗ್ಗಿದ ಬೆನ್ನು, ಪೂರ್ವಕ್ಕೆ ತೆರೆದ ಮುಖ ಇದ್ದರೆ ಆ ನಾಲ್ಕು ತಿಂಗಳು ಒಳಗೆ ಒಣಗಿರುತ್ತದೆ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಮೂಡಣದಿಂದ ಎರಚುತ್ತದೆ. ಅದಕ್ಕಾಗಿ ಮುಂದೆ ಮೂರು ಅಡಿ ಸೂರು ಚಾಚಿಸಿ, ಮೇಲಿನಿಂದ ಮೂರು ಅಡಿ ಶೀಟನ್ನು ಅಂಗಿಯ ಅಂಚಿನಂತೆ ಇಳಿಬಿಡಿ. ಮುಂಗಂಬದ ಎತ್ತರ 13 ಅಡಿ, ಹಿಂಗಂಬ 10 ಅಡಿ. ಶೀಟು ಇಳಿಬಿಟ್ಟ ಮೇಲೂ ಬಾಗಿಲಿಗೆ ಹತ್ತು ಅಡಿ ಉಳಿಯುತ್ತದೆ, ಕ್ಯಾನಪಿ ಇರುವ ಗಾಡಿಗೂ ಸಾಕು. ಇಪ್ಪತ್ತು ಅಡಿಗೆ ಮೂರು ಅಡಿ ಇಳಿಜಾರು ಎಂದರೆ ನೀರು ನಿಲ್ಲುವುದಿಲ್ಲ.

ಇನ್ನು ಗಾಳಿ. ಇಲ್ಲಿ ನಿಧಾನವಾಗಿ ಓದಿ, ಬಹುಪಾಲು ಶೆಡ್ಡುಗಳು ಕೆಡುವುದು ಇಲ್ಲೇ. ಮೇಸ್ತ್ರಿಗಳು ಕಂಬವನ್ನು ಭಾರ ಹೊರುವ ಲೆಕ್ಕದಲ್ಲಿ ನಿಲ್ಲಿಸುತ್ತಾರೆ. ಆದರೆ ಶೀಟು, ಶೀಟು ಕೂರುವ ಅಡ್ಡ ಪೈಪು ಅಂದರೆ ಪರ್ಲಿನ್, ತೊಲೆ ಎಲ್ಲ ಸೇರಿ ಈ ಸೂರು ತೂಗುವುದು ಸುಮಾರು 800 ಕೆಜಿ ಮಾತ್ರ. ಕಟ್ಟಡಗಳ ಮೇಲೆ ಬೀಳುವ ಭಾರದ ಭಾರತೀಯ ಮಾನಕವಾದ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಮೀ. ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 67 ಕೆಜಿ ಒತ್ತಡ ಬೀಳುತ್ತದೆ. ಒಂದು ಪಕ್ಕ ತೆರೆದ ಶೆಡ್ಡಿನಲ್ಲಿ ಮೇಲಿನ ಗಾಳಿ ಶೀಟನ್ನು ಎಳೆಯುವಾಗಲೇ ಒಳನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ, ಹಾಗಾಗಿ ಒಂದೂವರೆ ಪಟ್ಟು ಹಿಡಿಯಿರಿ. ಮುಂದೆ ಮೂರು, ಹಿಂದೆ ಎರಡು, ಒಂದೊಂದು ಪಕ್ಕಕ್ಕೂ ಒಂದೂವರೆ ಅಡಿ ಚಾಚು ಸೇರಿ 27 ಅಡಿಗೆ 25 ಅಡಿಯ ಸೂರನ್ನು ಆರು ಟನ್ನಿನಷ್ಟು ಬಲ ಮೇಲಕ್ಕೆತ್ತುತ್ತದೆ. ಸೂರಿನ ತೂಕ ಕಳೆದರೂ ಐದು ಟನ್ನಿಗಿಂತ ಹೆಚ್ಚು ಉಳಿಯಿತು. ಅದನ್ನು ನೆಲಕ್ಕೆ ಹಿಡಿದಿಡುವುದೇ ಪಾಯದ ಮುಖ್ಯ ಕೆಲಸ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗಾಳಿ ಯಾವ ಕಡೆಯಿಂದಲೂ ಬರಬಹುದು.

ಹನ್ನೆರಡು ಅಡಿಗೆ ಹತ್ತು ಅಡಿಯ ಚೌಕದಲ್ಲಿ ಒಂಬತ್ತು ಕಂಬ ನಿಲ್ಲಿಸಿ. ಒಂದೊಂದು ಗುಂಡಿ 2 ಅಡಿಗೆ 2 ಅಡಿ, ಆಳ ಮೂರೂವರೆ ಅಡಿ, ಪೂರ್ತಿ ಕಾಂಕ್ರೀಟ್. ಹೀಗೆ ತುಂಬಿದ ಒಂದು ಗುಂಡಿ ಸುಮಾರು 950 ಕೆಜಿ ತೂಗುತ್ತದೆ. ನಟ್ಟನಡುವಿನ ಕಂಬಕ್ಕೆ ಎಲ್ಲಕ್ಕಿಂತ ಹೆಚ್ಚು ಎಳೆತ, ಅದರ ಗುಂಡಿ ಎರಡೂವರೆ ಅಡಿ ಚೌಕವಿರಲಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಎಂ ಸ್ಯಾಂಡ್, ಮೂರು ಪಾಲು 20 ಎಂಎಂ ಜಲ್ಲಿ ಬೆರೆಸಿದರೆ ಒಂಬತ್ತಕ್ಕೂ ಸೇರಿ ಸಿಮೆಂಟ್ 30 ಮೂಟೆ, ಎಂ ಸ್ಯಾಂಡ್ 56 ಘನ ಅಡಿ, ಜಲ್ಲಿ 113 ಘನ ಅಡಿ ಬೇಕು. ಗುಂಡಿ ತೆಗೆಯುವ ಮೊದಲು ದಾರ ಕಟ್ಟಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕಡೆಯೂ 31 ಅಡಿ 3 ಇಂಚು ಬಂದರೆ ಚೌಕ ಸರಿ. ಇಲ್ಲಿ ಮೂರು ಇಂಚು ತಪ್ಪಿದರೆ ಶೀಟು ಹಾಸುವ ದಿನ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ, ಆಗ ಮಾಡುವುದಕ್ಕೆ ಏನೂ ಇರುವುದಿಲ್ಲ.

ದೇವನಹಳ್ಳಿ, ಹೊಸಕೋಟೆ, ಮಾಗಡಿ ಕಡೆಯ ಕೆಮ್ಮಣ್ಣಿನಲ್ಲಿ ಒಂದೆರಡು ಅಡಿಗೆ ಗರಸು ಸಿಕ್ಕರೆ ಗುಂಡಿಯ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ಕೆರೆಯ ಹಿಂದಿನ ಎರೆಮಣ್ಣಿನ ಜಾಗವಾದರೆ ಮಾತು ಬೇರೆ. ಅದು ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು, ನೆಲವನ್ನು ಒಡೆಯುತ್ತದೆ. ಅಲ್ಲಿ ನೆಲದ ಜಾಗದಲ್ಲಿ ಎರಡು ಅಡಿ ಎರೆ ತೆಗೆಸಿ, ಗರಸನ್ನು ಆರಾರು ಇಂಚು ತುಂಬಿ, ನೀರು ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡಿಸಿ. ಸಾಧ್ಯವಿದ್ದರೆ ಜಾಗವನ್ನೇ ಬದಲಾಯಿಸಿ.

ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂಳುವುದು ಈ ಭಾಗದಲ್ಲಿ ರೂಢಿ, ದಯವಿಟ್ಟು ಬಿಡಿ. ನೆಲ ಮತ್ತು ಕಂಬ ಸೇರುವ ಗೆರೆಯಲ್ಲಿ ನೀರು ನಿಂತು ಕಬ್ಬಿಣ ಅಲ್ಲೇ ತುಕ್ಕು ಹಿಡಿದು ತೆಳುವಾಗುತ್ತದೆ, ಮೇಲಿನ ಬಣ್ಣ ಹೊಸದಾಗಿಯೇ ಕಾಣುತ್ತಿರುತ್ತದೆ. ನೆಲದಿಂದ ಆರು ಇಂಚು ಎತ್ತರಕ್ಕೆ ಕಾಂಕ್ರೀಟ್ ದಿಂಡು ಎಬ್ಬಿಸಿ, 16 ಎಂಎಂನ ನಾಲ್ಕು ಜೆ ಬೋಲ್ಟನ್ನು ಒಂದೂವರೆ ಅಡಿ ಒಳಗೆ ಹೂತು, 250 ಎಂಎಂ ಚೌಕದ, 12 ಎಂಎಂ ದಪ್ಪದ ಪ್ಲೇಟಿನ ಮೇಲೆ ಕಂಬ ನಿಲ್ಲಿಸಿ. ಕಂಬ 100 ಎಂಎಂ ಚೌಕ, 4 ಎಂಎಂ ದಪ್ಪ. ತೊಲೆ 100ಕ್ಕೆ 50, 4 ಎಂಎಂ, ಮೂರು ಸಾಲು. ಪರ್ಲಿನ್ 80ಕ್ಕೆ 40, 2.9 ಎಂಎಂ, ಮೂರೂವರೆ ಅಡಿಗೊಂದರಂತೆ ಎಂಟು ಸಾಲು, ಒಟ್ಟು 216 ಅಡಿ. ಪೈಪನ್ನು ತೂಕ ಹಾಕಿಸಿಯೇ ತೆಗೆದುಕೊಳ್ಳಿ. ದಪ್ಪ ಕಡಿಮೆ ಇದ್ದರೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ನೀಲಗಿರಿ ಗಳ ಅಗ್ಗವೆಂದು ಇಳಿಯಬೇಡಿ, ನಮ್ಮ ಕೆಮ್ಮಣ್ಣಿನ ಗೆದ್ದಲು ಬೇಗ ಹತ್ತುತ್ತದೆ.

ಹಿಂಗೋಡೆಗೂ ಎರಡು ಪಕ್ಕಕ್ಕೂ ಅಡ್ಡ ಕತ್ತರಿ, ಅಂದರೆ ಕಂಬಗಳ ನಡುವೆ ಕತ್ತರಿಯಾಕಾರದ ಓರೆ ಆಸರೆ, ಕಟ್ಟಿಸಿ. ತೆರೆದ ಮುಂಭಾಗದಲ್ಲಿ ಕತ್ತರಿ ಹಾಕಲಾಗದು, ಅದಕ್ಕೆ ಕಂಬದ ತಲೆಯಲ್ಲಿ ಎರಡು ಅಡಿಯ ಮೊಣಕೈ ಆಸರೆ ಬೇಕು. ಇದಿಲ್ಲದ ಶೆಡ್ಡು ಬೀಳದಿದ್ದರೂ ಪ್ರತಿ ಗಾಳಿಗೂ ಓಲಾಡಿ ತಿರುಪುಗಳ ತೂತನ್ನು ದೊಡ್ಡದು ಮಾಡಿಕೊಳ್ಳುತ್ತದೆ, ಸೋರುವುದು ಅಲ್ಲಿಂದ ಶುರು.

ಶೀಟು 0.5 ಎಂಎಂ ಬಣ್ಣದ್ದು, 25 ಅಡಿ 6 ಇಂಚಿಗೆ ಕತ್ತರಿಸಿದ ಒಂದೇ ಉದ್ದದ ಒಂಬತ್ತು ಶೀಟು ಸಾಕು. ಎರಡು ತುಂಡು ಜೋಡಿಸಿದರೆ ಆ ಜೋಡಣೆಯೇ ಮುಂದೆ ಸೋರುವ ಜಾಗ. ತಿರುಪು ಸುಮಾರು 400. ಶೀಟಿನ ಉಬ್ಬಿನ ಮೇಲೆಯೇ ಹೊಡೆಸಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ಅಂಚಿನ ಸಾಲುಗಳಲ್ಲಿ ಪ್ರತಿ ಉಬ್ಬಿಗೂ, ನಡುವೆ ಒಂದು ಬಿಟ್ಟು ಒಂದಕ್ಕೆ. ರಬ್ಬರ್ ವಾಷರ್ ಹೊರಗೆ ಪಿಚಕ್ಕನೆ ಬರುವಷ್ಟು ಬಿಗಿದರೆ ಒಂದೆರಡು ಬೇಸಿಗೆಯಲ್ಲಿ ಬಿರಿಯುತ್ತದೆ. ಕೆಲಸ ಮುಗಿದ ಸಂಜೆಯೇ ಡ್ರಿಲ್ಲಿನ ಕಬ್ಬಿಣದ ಚೂರುಗಳನ್ನು ಗುಡಿಸಿ ತೆಗೆಸಿ. ಉಳಿದರೆ ಮೊದಲ ಮಳೆಗೆ ತುಕ್ಕಿನ ಚುಕ್ಕೆ ಏಳುತ್ತದೆ.

ಗೋಡೆಗೆ ಇಟ್ಟಿಗೆಯ ಅಗತ್ಯವಿಲ್ಲ. ಮೂರು ಪಕ್ಕಕ್ಕೂ ಕಲ್ಲು ಚಪ್ಪಡಿಗಳನ್ನು ನೆಲದ ಮೇಲೆ ನಾಲ್ಕು ಅಡಿ ಬರುವಂತೆ ಹೂತು ಸಂದು ಮುಚ್ಚಿಸಿ, ಮೇಲೆ ಶೀಟು ಹಾಕಿ. ಹೆಗ್ಗಣ ಚಪ್ಪಡಿಯನ್ನು ಕೊರೆಯಲಾರದು. ಸೂರಿನ ಕೆಳಗೆ ಒಂದು ಅಡಿ ಗಾಳಿಗೆ ಬಿಟ್ಟು 12 ಎಂಎಂ ಜಾಲರಿ ಹೊಡೆಯಿರಿ. ರಾಗಿ ಮೂಟೆ, ಹುಲ್ಲು ಇದೇ ಶೆಡ್ಡಿಗೆ ಬಂದರೆ ಇಲಿ ಬಂದೇ ಬರುತ್ತದೆ, ಬಂದ ಇಲಿ ವೈರಿಂಗ್ ಕಡಿಯುತ್ತದೆ. ಹುಲ್ಲಿನ ಮೆದೆ ಕನಿಷ್ಠ 30 ಅಡಿ ದೂರವಿರಲಿ, ಹೊಲದಿಂದ ಬಂದ ಗಾಡಿಯ ಸೈಲೆನ್ಸರ್ ಬಹಳ ಹೊತ್ತು ಕಾದಿರುತ್ತದೆ.

ನೆಲ ಸುತ್ತಲಿನ ಮಣ್ಣಿಗಿಂತ ಒಂಬತ್ತು ಇಂಚು ಎತ್ತರ. ಆರು ಇಂಚು ದಮ್ಮಸು ಮಾಡಿದ ಗರಸು, ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಮೇಲೆ ಐದು ಇಂಚು ಕಾಂಕ್ರೀಟ್, ಇದಕ್ಕೆ ಸಿಮೆಂಟ್ 45 ಮೂಟೆ. ಮುಂದಕ್ಕೆ ಮೂರು ಇಂಚು ಇಳಿಜಾರು ಕೊಡಿ. ಕಂಬದ ದಿಂಡಿನ ಸುತ್ತ ಅರ್ಧ ಇಂಚು ಥರ್ಮೋಕೋಲ್ ಇಟ್ಟು ನೆಲವನ್ನು ಬೇರ್ಪಡಿಸಿ, ಇಲ್ಲದಿದ್ದರೆ ಬಿರುಕು ದಿಂಡಿನ ಮೂಲೆಯಿಂದಲೇ ಹೊರಡುತ್ತದೆ. ಮರುದಿನವೇ ಹನ್ನೆರಡು ಅಡಿಗೆ ಹತ್ತು ಅಡಿಯ ಅಂಕಣಗಳಾಗುವಂತೆ ಒಂದೂಕಾಲು ಇಂಚು ಆಳಕ್ಕೆ ಗೆರೆ ಕೊಯ್ಯಿಸಿ. ಹತ್ತು ದಿನ ನೀರು ನಿಲ್ಲಿಸಿ, ಮೂರು ವಾರ ಗಾಡಿ ಹತ್ತಿಸಬೇಡಿ. ಮುಂದಿನ ಏರು ಆರು ಅಡಿ ಉದ್ದವಾದರೂ ಇರಲಿ. ಗಿಡ್ಡ ಏರಿನಲ್ಲಿ ರೋಟವೇಟರ್ ನೆಲಕ್ಕೆ ಬಡಿದು ಅಂಚು ಕಿತ್ತುಬರುತ್ತದೆ.

ಗುಂಡಿ ಜನವರಿಯಲ್ಲಿ, ಶೀಟು ಮಾರ್ಚ್ ಮುಗಿಯುವುದರೊಳಗೆ. ಹಿಂದಿನ ಅಂಚಿಗೆ ಆರು ಇಂಚಿನ ದೋಣಿ, 110 ಎಂಎಂ ಪೈಪು ಹಾಕಿಸಿ. ಒಂದು ಇಂಚು ಮಳೆಗೆ ಈ ಸೂರಿನಿಂದ ಒಂದೂವರೆ ಸಾವಿರ ಲೀಟರ್ ನೀರು ಇಳಿಯುತ್ತದೆ, ದೋಣಿ ಇಲ್ಲದಿದ್ದರೆ ಅಷ್ಟೂ ಹಿಂಗಂಬಗಳ ಬುಡವನ್ನೇ ಕೊರೆಯುತ್ತದೆ. ಮೊದಲ ದೊಡ್ಡ ಮಳೆಯ ದಿನ ಒಳಗೆ ನಿಂತು ಟಾರ್ಚ್ ಬಿಟ್ಟು ನೋಡಿ, ಹನಿ ಕಂಡ ತಿರುಪಿನ ಕೆಳಗಿನ ಪರ್ಲಿನ್ನಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಂಡು, ಬಿಸಿಲು ಬಂದ ಮೇಲೆ ಆ ವಾಷರ್‌ಗಳನ್ನು ಬದಲಾಯಿಸಿ.