ಸಾನ್ ಕ್ರಿಸ್ತೋಬಲ್‌ನಲ್ಲಿ ಒಂದೇ ದಿನ ಸಿಕ್ಕರೆ

ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್‌ಗೆ ಬಂದವರಲ್ಲಿ ಹೆಚ್ಚಿನವರು ಹಳದಿ ಕೆಥೆಡ್ರಲ್ ಮುಂದೆ ಫೋಟೋ ತೆಗೆದು, ಕಾಫಿ ಕುಡಿದು ದಿನ ಕಳೆಯುತ್ತಾರೆ. 1528ರಲ್ಲಿ ಸ್ಪ್ಯಾನಿಷರು ಕಟ್ಟಿದ ಆ ಬೀದಿಗಳು ಸಂಜೆಗಿರಲಿ. ಬೆಳಗಿನ ಹೊತ್ತು ಸುತ್ತಲಿನ ತ್ಸೋತ್ಸಿಲ್ ಮಾಯಾ ಜನರ ಊರುಗಳಿಗೆ ಮೀಸಲಿಡಿ. ಎತ್ತರ ಸುಮಾರು 2,200 ಮೀಟರ್, ಹೆಚ್ಚುಕಡಿಮೆ ಊಟಿಯಷ್ಟೇ. ಮೆಕ್ಸಿಕೋ ಎಂದರೆ ಬಿಸಿಲು ಎಂದುಕೊಂಡು ಸ್ವೆಟರ್ ಬಿಟ್ಟು ಬಂದವರು ಸಂಜೆ ನಡುಗುತ್ತಾರೆ.

ಮೊದಲು ಸಾನ್ ಹುವಾನ್ ಚಾಮುಲಾ, ಅದರಲ್ಲೂ ಭಾನುವಾರ, ಸಂತೆಯ ದಿನ. ದೂರ ಹತ್ತು ಕಿಲೋಮೀಟರ್. ಸಾನ್ ಕ್ರಿಸ್ತೋಬಲ್‌ನ ದೊಡ್ಡ ಮಾರುಕಟ್ಟೆಯ ಹತ್ತಿರದಿಂದ 'ಕೊಲೆಕ್ತಿವೊ' ವ್ಯಾನ್‌ಗಳು ಹೊರಡುತ್ತವೆ. ವೇಳಾಪಟ್ಟಿ ಗೀಳಾಪಟ್ಟಿ ಏನಿಲ್ಲ, ಸೀಟು ತುಂಬಿದರೆ ಹೊರಟಿತು. ಚಿಲ್ಲರೆ ಪೆಸೊ ಇಟ್ಟುಕೊಂಡಿರಿ.

ಚಾಮುಲಾ ಚರ್ಚಿಗೆ ಟಿಕೆಟ್ ಉಂಟು. ಚೌಕದಲ್ಲಿರುವ ಪ್ರವಾಸಿ ಕಚೇರಿಯಲ್ಲಿ ಕೊಂಡು ಬಾಗಿಲಲ್ಲಿ ತೋರಿಸಬೇಕು. ಒಳಗೆ ಬೆಂಚುಗಳೇ ಇಲ್ಲ. ನೆಲದ ತುಂಬ ಹಸಿ ಪೈನ್ ಎಲೆ. ಅದನ್ನು ಸರಿಸಿ ಮೇಣ ಕರಗಿಸಿ, ಸಾಲುಸಾಲಾಗಿ ಮೇಣದಬತ್ತಿ ನೆಟ್ಟಿರುತ್ತಾರೆ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳಲ್ಲಿ ಸಂತರು, ಅವರ ಎದೆಯ ಮೇಲೆ ಕನ್ನಡಿಗಳು. 'ಇಲೋಲ್' ಎಂಬ ವೈದ್ಯೆ ರೋಗಿಯ ನಾಡಿ ಹಿಡಿದು ಪ್ರಾರ್ಥಿಸುತ್ತಾಳೆ. ಮೊಟ್ಟೆ, ಕೋಳಿ, 'ಪೋಷ್' ಎಂಬ ಸಾರಾಯಿ, ಕೋಕಾಕೋಲಾ ಪಕ್ಕದಲ್ಲಿರುತ್ತವೆ. ಸೋಡಾ ಕುಡಿದು ತೇಗಿದರೆ ಕೆಡುಕು ಹೊರಹೋಗುತ್ತದೆ ಎಂದು ಗೈಡ್‌ಗಳು ವಿವರಿಸುತ್ತಾರೆ. ಅದನ್ನು ಕೇಳಿ ನಗುವವರು ಹೊರಗೇ ನಿಲ್ಲುವುದು ವಾಸಿ. ಎಲೆಯ ಮೇಲೆ ಮೇಣ ಬಿದ್ದು ಕಾಲು ಜಾರುತ್ತದೆ. ಸೀರೆ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಬೆಂಕಿ ನೆಲಮಟ್ಟದಲ್ಲೇ ಇರುತ್ತದೆ.

ಒಳಗೆ ಫೋಟೋ ಸಂಪೂರ್ಣ ನಿಷಿದ್ಧ. ಫೋನ್ ಕೈಯಲ್ಲಿ ಹಿಡಿದಿದ್ದರೂ ಅನುಮಾನಪಡುತ್ತಾರೆ, ಚೀಲದೊಳಗಿಡಿ. ಚೌಕದಲ್ಲಿ ಬಣ್ಣದ ರಿಬ್ಬನ್ ಟೋಪಿಯ ಹಿರಿಯರು ಕಂಡರೆ ಅವರ ಫೋಟೋ ಕೂಡ ಬೇಡ. ಅವರು ಒಂದು ವರ್ಷದ ಮಟ್ಟಿಗೆ ಧಾರ್ಮಿಕ ಹೊಣೆ ಹೊತ್ತವರು. ಹಬ್ಬದ ಖರ್ಚನ್ನು ಕೈಯಿಂದಲೇ ಹಾಕುತ್ತಾರೆ.

ಸಂತೆಯಲ್ಲಿ ಹೆಂಗಸರ ಕಪ್ಪು ಲಂಗವನ್ನು ಹತ್ತಿರದಿಂದ ನೋಡಿ. ಉಣ್ಣೆಯನ್ನು ಕೈಯಲ್ಲೇ ನೂತು, ನೇಯ್ದು, ಬಿಸಿನೀರಿನಲ್ಲಿ ತುಳಿದು ದಪ್ಪಗೊಳಿಸಿದ ಬಟ್ಟೆ ಅದು, ಚಳಿಗೆ ಜಗ್ಗದು. ಕುರಿಗಳನ್ನು ಉಣ್ಣೆಗಾಗಿಯೇ ಸಾಕುತ್ತಾರೆ, ತಿನ್ನುವುದಿಲ್ಲ.

ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಸಿನಕಾಂತಾನ್‌ಗೆ ಹೋಗಿ. ಹೂವು ಬೆಳೆಯುವ ಊರು, ಬಟ್ಟೆ ಮೇಲೂ ಹೂವೇ. ಮನೆಯಂಗಳದಲ್ಲಿ ಸೊಂಟದ ಮಗ್ಗ ನೋಡಲು ಸಿಗುತ್ತದೆ: ಹಾಸಿನ (ಉದ್ದಕ್ಕೆ ಎಳೆದ ನೂಲುಗಳ) ಒಂದು ತುದಿ ಕಂಬಕ್ಕೆ, ಇನ್ನೊಂದು ನೇಕಾರ್ತಿಯ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಕೈ ಚಾಚಿದಷ್ಟೇ ಅಗಲ ಸಾಧ್ಯ, ಹಾಗಾಗಿ ಅಗಲದ ಬಟ್ಟೆಯಲ್ಲಿ ನಡುವೆ ಜೋಡಣೆ ಕಾಣಬೇಕು. ಕತ್ತರಿಸದ ತುಂಡಿಗೆ ನಾಲ್ಕು ಕಡೆಯೂ ನೇಯ್ದ ಅಂಚೇ ಇರುತ್ತದೆ. ಸಾನ್ ಆಂದ್ರೆಸ್ ಲಾರ್ರಾಯಿನ್ಸಾರ್ ಎಂಬ ಇನ್ನೊಂದು ತ್ಸೋತ್ಸಿಲ್ ಊರಿನ ಕಡೆಯ ವಜ್ರಾಕೃತಿಯ ವಿನ್ಯಾಸಗಳಲ್ಲಿ ಬಣ್ಣದ ನೂಲನ್ನು ನೇಯುವಾಗಲೇ ಬೆರಳಿನಿಂದ ಸೇರಿಸುತ್ತಾರೆ, ಮೇಲೆ ಹೊಲಿದದ್ದಲ್ಲ. ಸಿನಕಾಂತಾನ್ ಹೂಗಳಲ್ಲಿ ಈಗ ಹೊಲಿಗೆಯಂತ್ರದ ಕಸೂತಿ ಬಹಳ. ಬಟ್ಟೆ ತಿರುಗಿಸಿ: ಹಿಂಬದಿಯ ನೂಲು ಬೇರೆ ಬಣ್ಣದ್ದಾಗಿ, ಹೊಲಿಗೆ ಒಂದೇ ಅಳತೆಯಲ್ಲಿದ್ದರೆ ಯಂತ್ರದ್ದು. ಅದು ನಕಲಿಯೇನಲ್ಲ, ಆದರೆ ಕೈಕೆಲಸದ ಬೆಲೆ ಕೊಡಬೇಡಿ.

ಕೊಳ್ಳುವುದಿದ್ದರೆ ಸಾನ್ ಕ್ರಿಸ್ತೋಬಲ್‌ನ ಸಾಂತೊ ದೊಮಿಂಗೊ ಚರ್ಚಿನ ಹೊರಗಿನ ಮಾರುಕಟ್ಟೆಗೆ ಬನ್ನಿ. ಅದಕ್ಕೂ ಮುಂಚೆ ಪಕ್ಕದ ಹಳೆಯ ಮಠದಲ್ಲಿರುವ ಮಾಯಾ ಜವಳಿ ಸಂಗ್ರಹಾಲಯ ನೋಡಿದರೆ ಕಣ್ಣು ಪಳಗಿರುತ್ತದೆ. ಸೋಮವಾರ ಬಾಗಿಲು ಹಾಕಿರಬಹುದು, ವಿಚಾರಿಸಿಕೊಳ್ಳಿ. ತಿಂಗಳುಗಟ್ಟಲೆ ನೇಯ್ದ ತುಂಡಿಗೆ ಅರ್ಧ ಬೆಲೆ ಕೇಳುವುದು ಚೌಕಾಸಿಯಲ್ಲ, ಅವಮಾನ.

ಸಸ್ಯಾಹಾರಿಗಳಿಗೆ ಒಂದು ಮಾತು. ತಮಾಲೆ (ಜೋಳದ ಹಿಟ್ಟಿನ ಕಡುಬು), ಅರೆದ ಬೀನ್ಸ್ ಎರಡರಲ್ಲೂ ಹಂದಿ ಕೊಬ್ಬು ಬೀಳುವುದು ಮಾಮೂಲು. 'ಸಿನ್ ಕಾರ್ನೆ' (ಮಾಂಸ ಬೇಡ) ಎಂದು ಹೇಳಿದರೆ ಮಾಂಸದ ತುಂಡಷ್ಟೇ ಬಿಡುತ್ತಾರೆ. 'ಸಿನ್ ಮಂತೇಕಾ ದೆ ಸೆರ್ದೊ' (ಹಂದಿ ಕೊಬ್ಬು ಬೇಡ) ಎಂದೂ ಕೇಳಿ. ಯಾವುದೂ ಹೊಂದದಿದ್ದರೆ ಸುಟ್ಟ ಜೋಳದ ತೆನೆಗೆ ನಿಂಬೆ, ಉಪ್ಪು, ಖಾರ ಸವರಿ ಕೊಡುವ ಗಾಡಿಗಳಿವೆ.